ಆರಿದ್ರೆಯ ಅಗಲ ಅಳೆದ ಪಟ್ಟೆಗಳು

ಆರಿದ್ರಾ ಮಳೆ ಮುಂಡಗೋಡದ ರೈತರಿಗೆ ಚೆನ್ನಾಗಿ ಗೊತ್ತು. ಆದರೆ ಜೂನ್ ಕೊನೆಯ ಆ ದಿನಗಳಲ್ಲಿ ಸೂರ್ಯ ಅದೇ ದಿಕ್ಕಿನಲ್ಲಿರುವುದರಿಂದ ಆರಿದ್ರಾ ನಕ್ಷತ್ರ ಕಾಣದು. ಡಿಸೆಂಬರ್ ರಾತ್ರಿ ನೋಡಿ, ಪೂರ್ವದಲ್ಲಿ ಕೆಂಪಗೆ ಹೊಳೆಯುತ್ತದೆ.

ನಕ್ಷತ್ರ ಬರೀ ಚುಕ್ಕಿ, ಅದರ ಅಗಲ ಅಳೆಯಲಾಗದು ಎಂಬ ನಂಬಿಕೆ ಮುರಿದದ್ದು ಇದೇ ಆರಿದ್ರೆಯಿಂದ. 1920ರ ಡಿಸೆಂಬರ್‌ನಲ್ಲಿ, ಭೌತವಿಜ್ಞಾನಿ ಮೈಕೆಲ್ಸನ್ ರೂಪಿಸಿದ ಉಪಕರಣವನ್ನು ಅಮೆರಿಕದ ಮೌಂಟ್ ವಿಲ್ಸನ್ ದೂರದರ್ಶಕಕ್ಕೆ ಕೂಡಿಸಿ ಖಗೋಳವಿಜ್ಞಾನಿಗಳಾದ ಪೀಸ್ ಮತ್ತು ಆಂಡರ್ಸನ್ ನೋಡಿದರು. ಪಿಯುಸಿಯಲ್ಲಿ ನಾವು ಓದುವ ಯಂಗ್‌ನ ಜೋಡಿ ಸೀಳಿನ ಪ್ರಯೋಗವೇ ಅದು. ಸೀಳುಗಳ ಬದಲು ಎರಡು ಕನ್ನಡಿ. ನಕ್ಷತ್ರದ ಒಂದೊಂದು ಭಾಗದ ಬೆಳಕೂ ತನ್ನದೇ ಕಪ್ಪು-ಬಿಳಿ ಪಟ್ಟೆ ಮೂಡಿಸುತ್ತದೆ. ಕನ್ನಡಿಗಳನ್ನು ದೂರ ಸರಿಸಿದಂತೆ ಒಂದರ ಬೆಳಕು ಇನ್ನೊಂದರ ಕತ್ತಲೆಯ ಮೇಲೆ ಬಿದ್ದು ಪಟ್ಟೆ ಅಳಿಸಿಹೋಗುತ್ತದೆ. ಆರಿದ್ರೆಗೆ ಹೀಗಾದದ್ದು ಸುಮಾರು 3 ಮೀಟರ್ ಅಂತರದಲ್ಲಿ. ಸಿಕ್ಕ ಅಗಲ 0.047 ಆರ್ಕ್‌ಸೆಕೆಂಡ್: ಹುಬ್ಬಳ್ಳಿಯಲ್ಲಿಟ್ಟ ಕಡಲೆಕಾಳು ಮುಂಡಗೋಡಕ್ಕೆ ಕಾಣುವಷ್ಟು. ಪಟ್ಟೆ ಕಾಣದಿರುವುದೇ ಇಲ್ಲಿ ಅಳತೆ, ನನಗೆ ಇದಕ್ಕಿಂತ ಸುಂದರವಾದ ಪ್ರಯೋಗ ಗೊತ್ತಿಲ್ಲ.

ಕನ್ನಡಿಗಳ ಅಂತರ ಹೆಚ್ಚಿದಷ್ಟೂ ಬೆಳಕೂ ಹೆಚ್ಚು ಸಿಗುತ್ತದೆ ಎನ್ನುವುದು ಸರಿಯಲ್ಲ. ಅದೇ ಮೌಂಟ್ ವಿಲ್ಸನ್ ಬೆಟ್ಟದ ಮೇಲಿನ 'ಚಾರಾ' ಎಂಬ ದೂರದರ್ಶಕ ಸಮೂಹದಲ್ಲಿ ದೂರದರ್ಶಕಗಳ ಗರಿಷ್ಠ ಅಂತರ 331 ಮೀಟರ್. ಸೂಕ್ಷ್ಮ ವಿವರ ಆ ಅಂತರಕ್ಕೆ ತಕ್ಕಂತೆ ಸಿಗುತ್ತದೆ, ಬೆಳಕು ಮಾತ್ರ ಆರು 1 ಮೀಟರ್ ಕನ್ನಡಿಗಳದ್ದೇ.

ಗೌರಿಬಿದನೂರಿನ ರೇಡಿಯೊ ಆಂಟೆನಾಗಳನ್ನು ಬಲ್ಲವರು ಇನ್ನೊಂದು ಕಡೆ ಎಡವುತ್ತಾರೆ. ರೇಡಿಯೊ ಅಲೆಯ ಏರಿಳಿತವನ್ನು ದಾಖಲಿಸಿಟ್ಟು ಆಮೇಲೆ ಕೂಡಿಸಬಹುದು, ಬೆಳಕಿಗೂ ಹಾಗೇ ಎಂದುಕೊಳ್ಳುತ್ತಾರೆ. ಬೆಳಕು ಸೆಕೆಂಡಿಗೆ ಸುಮಾರು 500 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಹಾಗೆ ಬರೆದಿಡುವ ಉಪಕರಣವಿಲ್ಲ. ಆದ್ದರಿಂದ ಬೆಳಕನ್ನೇ ಆ ಕ್ಷಣವೇ ಕೊಳವೆಗಳಲ್ಲಿ ತಂದು, ಹಳಿಯ ಮೇಲೆ ಓಡುವ ಕನ್ನಡಿಗಳಿಂದ ದಾರಿಯ ಉದ್ದವನ್ನು ಮೈಕ್ರಾನ್‌ಗಳ ಮಟ್ಟಿಗೆ ಸರಿದೂಗಿಸಬೇಕು.

ಕೊನೆಗೆ ಫೋಟೊ ಬರುತ್ತದೆಯೇ? ನೇರವಾಗಿ ಇಲ್ಲ. ಸಿಗುವುದು ಪಟ್ಟೆಗಳ ಸ್ಪಷ್ಟತೆಯ ಅಂಕಿಗಳು. ವಾತಾವರಣ ಪಟ್ಟೆಗಳ ಸ್ಥಾನವನ್ನು ಕಲಕುತ್ತದೆ. ಮೂರು ದೂರದರ್ಶಕಗಳ ಮೂರೂ ಜೋಡಿಗಳಲ್ಲಿ ಪಟ್ಟೆಗಳ ಸ್ಥಾನಪಲ್ಲಟಗಳನ್ನು ಕೂಡಿದರೆ ಆ ಕಲಕು ಕಳೆದುಹೋಗುತ್ತದೆ. ಚಿತ್ರ ಲೆಕ್ಕದಿಂದ ಮೂಡುತ್ತದೆ.

ಇದೆಲ್ಲ ದೊಡ್ಡ ವೀಕ್ಷಣಾಲಯದವರಿಗಷ್ಟೇ ಎಂಬ ಅಳುಕು ನಮ್ಮ ವಿದ್ಯಾರ್ಥಿಗಳನ್ನು ಹೆಚ್ಚು ಹಿಂದಕ್ಕೆಳೆಯುತ್ತದೆ. ಆದರೆ ಚಿಲಿಯ ಪ್ಯಾರನಾಲ್ ವೀಕ್ಷಣಾಲಯದ ವೀಕ್ಷಣೆಗಳು ಸಾಮಾನ್ಯವಾಗಿ ಒಂದು ವರ್ಷದ ಬಳಿಕ ಎಲ್ಲರಿಗೂ ಮುಕ್ತ. ಫ್ರಾನ್ಸ್‌ನ 'ಆಸ್ಪ್ರೊ' ತಂತ್ರಾಂಶ ಉಚಿತ. ಅದರಲ್ಲಿ ಆರಿದ್ರೆಯನ್ನು ಆರಿಸಿ, ಅಂತರ ಬದಲಿಸುತ್ತ ಸ್ಪಷ್ಟತೆಯ ರೇಖೆ ಎಲ್ಲಿ ಸೊನ್ನೆ ಮುಟ್ಟುತ್ತದೆ ನೋಡಿ. ನಂತರ ಅಗಲ ಮೊದಲೇ ಗೊತ್ತಿರುವ ಹೋಲಿಕೆಯ ನಕ್ಷತ್ರವೊಂದನ್ನು ಹತ್ತಿರದಲ್ಲೇ ಹುಡುಕಿ. ಅದಿಲ್ಲದೆ ಯಾವ ಅಳತೆಯನ್ನೂ ನಂಬುವಂತಿಲ್ಲ.