ಭತ್ತದ ಗದ್ದೆಯ ಜಮಾ–ಖರ್ಚು

ದಕ್ಷಿಣ ಕನ್ನಡ, ಉಡುಪಿಯ ಕಡೆ ಏಣೆಲು ಭತ್ತದ ಕೊಯ್ಲು ಮುಗಿದ ಮೇಲೆ, ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಉದ್ದು, ಹೆಸರು, ಅಲಸಂಡೆ ಬಿತ್ತುವುದು ಹಿರಿಯರಿಂದ ಬಂದ ಪದ್ಧತಿ. ಇದರ ಹಿಂದೆ ಒಳ್ಳೆಯ ವಿಜ್ಞಾನವಿದೆ.

45 ಕಿಲೋ ಯೂರಿಯಾ ಚೀಲದಲ್ಲಿರುವ ಸಾರಜನಕ ಸುಮಾರು 21 ಕಿಲೋ. ನೀರು ನಿಂತ ಗದ್ದೆಗೆ ಎರಚಿದರೆ ಅದರಲ್ಲಿ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಒಂದು ಪಾಲು ಅಮೋನಿಯಾ ಆಗಿ ಹಾರಿಹೋಗುತ್ತದೆ. ಇನ್ನೊಂದು ಪಾಲು ನೈಟ್ರೇಟ್ ಆಗಿ, ಆಮ್ಲಜನಕವಿಲ್ಲದ ಕೆಳಗಿನ ಕೆಸರಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಅನಿಲವಾಗಿ ಬದಲಿಸುತ್ತವೆ. ದುಡ್ಡು ಕೊಟ್ಟು ತಂದದ್ದು ಗಾಳಿಪಾಲು!

ದ್ವಿದಳ ಧಾನ್ಯದ ಗಿಡಗಳದು ತಿರುವುಮುರುವಾದ ವ್ಯವಹಾರ. ಅವುಗಳ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ವಿದ್ಯಾರ್ಥಿಗಳೇ, ಹೂ ಬಿಡುವ ಹೊತ್ತಿಗೆ ಒಂದು ಅಲಸಂಡೆ ಗಿಡವನ್ನು ಮೆಲ್ಲಗೆ ಅಗೆದು, ಬೇರು ತೊಳೆದು, ಗಂಟೊಂದನ್ನು ಸೀಳಿ ನೋಡಿ. ಒಳಗೆ ನಸುಗೆಂಪು ಕಂಡರೆ ಕೆಲಸ ನಡೆಯುತ್ತಿದೆ ಎಂದರ್ಥ. ಆ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್ ಅನ್ನು ಹೋಲುವ ವಸ್ತುವಿನದು.

ಆದರೆ ಗಿಡವನ್ನು ಬೇರುಸಹಿತ ಕಿತ್ತೊಯ್ದರೆ ಈ ಗಳಿಕೆ ಗದ್ದೆಗೆ ದಕ್ಕದು. ಕಾಯಿ ಬಿಡಿಸಿಕೊಂಡು, ಸೊಪ್ಪು–ಬೇರುಗಳನ್ನು ಉತ್ತು ಮಣ್ಣಿಗೆ ಸೇರಿಸಬೇಕು.

ಪೊಟ್ಯಾಷ್ ಮಾತ್ರ ಗಾಳಿಯಿಂದ ಬರುವುದಿಲ್ಲ. ಭತ್ತದ ಪೈರು ಹೀರಿದ ಪೊಟ್ಯಾಷ್‌ನ ಹೆಚ್ಚಿನ ಪಾಲು ಇರುವುದು ಕಾಳಿನಲ್ಲಲ್ಲ, ಹುಲ್ಲಿನಲ್ಲಿ. ಹುಲ್ಲು ಮಾರಿದರೆ ಅದೂ ಲಾರಿ ಹತ್ತುತ್ತದೆ. ಹುಲ್ಲು ಹಟ್ಟಿಗೆ ಹೋದರೆ ಗೊಬ್ಬರದ ಜೊತೆ ಗಂಜಲವೂ ಗದ್ದೆಗೆ ಮರಳಬೇಕು. ದನ ತಿಂದ ಪೊಟ್ಯಾಷ್ ಹೆಚ್ಚಾಗಿ ಹೊರಬರುವುದು ಗಂಜಲದಲ್ಲೇ.

ಪೋಷಕರೇ, ಮಣ್ಣು ಪರೀಕ್ಷೆಯ ಕಾರ್ಡನ್ನು ಮಕ್ಕಳಿಂದಲೇ ಓದಿಸಿ. ಗದ್ದೆಯಿಂದ ಹೋದದ್ದೆಷ್ಟು, ಮರಳಿದ್ದೆಷ್ಟು ಎಂಬ ಲೆಕ್ಕ ಅವರಿಗೂ ತಿಳಿಯಲಿ.