ಜರ್ಮನ್ ಪಾನಪಾತ್ರೆಯ ತಳವನ್ನು ಓದುವುದು

ಬೆಂಗಳೂರಿನ ರಾಜಾಜಿನಗರ, ಮಹಾಲಕ್ಷ್ಮಿ ಲೇಔಟ್, ಕುರುಬರಹಳ್ಳಿಗಳ ಹಳೆಯ ಮನೆಗಳು ಒಂದೊಂದಾಗಿ ಉರುಳಿ ಬಹುಮಹಡಿ ಕಟ್ಟಡಗಳಿಗೆ ಎಡೆಗೊಡುತ್ತಿರುವ ಈ ದಿನಗಳಲ್ಲಿ, ನಡುಮನೆಯ ಷೋಕೇಸುಗಳಲ್ಲಿ ದಶಕಗಟ್ಟಲೆ ನಿಶ್ಚಲವಾಗಿ ನಿಂತಿದ್ದ ವಸ್ತುಗಳು ಗುಜರಿ ಅಂಗಡಿಯ ದಾರಿ ಹಿಡಿಯುತ್ತಿವೆ. ಚನ್ನಪಟ್ಟಣದ ಬೊಂಬೆ, ಶ್ರೀಗಂಧದ ಆನೆ, ನಿಂತುಹೋದ ಗಡಿಯಾರಗಳ ನಡುವೆ ಒಮ್ಮೊಮ್ಮೆ ಲೋಹದ ಮುಚ್ಚಳವುಳ್ಳ, ದಪ್ಪ ಹಿಡಿಯ, ಮೈತುಂಬ ಉಬ್ಬುಚಿತ್ರಗಳ ಪಾತ್ರೆಯೊಂದು ಕಣ್ಣಿಗೆ ಬೀಳುವುದುಂಟು. ಅದು ಜರ್ಮನರ ಬಿಯರ್ ಸ್ಟೈನ್.

ಇದು ಈ ಬಡಾವಣೆಗಳಿಗೆ ಬಂದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. 1951ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದಿಂದ ಇಲ್ಲಿ ಮೈಕೋ ಕಾರ್ಖಾನೆ ಸ್ಥಾಪಿತವಾಯಿತು. 1956ರಲ್ಲಿ ವಿಮಾನಶಿಲ್ಪಿ ಕುರ್ಟ್ ಟಾಂಕ್ ತನ್ನ ಜರ್ಮನ್ ಸಹಚರರೊಡನೆ ಇಲ್ಲಿಯ ವಿಮಾನ ಕಾರ್ಖಾನೆಯಾದ ಎಚ್.ಎ.ಎಲ್‌ಗೆ ಬಂದನು, ಅವರ ಯುದ್ಧವಿಮಾನ ‘ಮಾರುತ’ 1961ರಲ್ಲಿ ಗಗನಕ್ಕೇರಿತು. ಇಂತಹ ಸಂಬಂಧಗಳ ಫಲವಾಗಿ ತರಬೇತಿಗೆಂದು ಜರ್ಮನಿಗೆ ಹೋಗಿಬಂದ ಕಾರ್ಖಾನೆಯ ನೌಕರರು, ಮದ್ಯದ ವಾಸನೆಯನ್ನೂ ಸಹಿಸದ ಮನೆಗಳಿಗೆ ಸಹ, ಆ ನಾಡಿನ ನೆನಪಾಗಿ ಈ ಪಾತ್ರೆಗಳನ್ನು ತಂದರು. ಅವುಗಳಲ್ಲಿ ಪೆನ್ನು, ಕತ್ತರಿ, ಊದುಬತ್ತಿಗಳು ಆಶ್ರಯ ಪಡೆದವು.

ಮಹಾಲಕ್ಷ್ಮಿ ಲೇಔಟಿನ ಪರಿಚಿತರೊಬ್ಬರ ಮನೆಯಲ್ಲಿ ಅಂತಹದೊಂದನ್ನು ಸಾವಕಾಶವಾಗಿ ನೋಡಿದೆನು. ಬೂದುಬಣ್ಣದ ಮೈ, ಗಾಢ ನೀಲಿಯ ಬಳ್ಳಿ, ಕಿತ್ತಳೆಯ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿಗಳುಳ್ಳ ಮೆರುಗು. ರೈನ್ ನದಿಯ ಪೂರ್ವಕ್ಕಿರುವ ವೆಸ್ಟರ್‌ವಾಲ್ಡ್ ಸೀಮೆಯ ಕುಂಬಾರರು, ಭಟ್ಟಿಯ ಶಾಖ 1200 ಡಿಗ್ರಿಯನ್ನು ಮೀರಿದಾಗ ಅಡಿಗೆಯ ಉಪ್ಪನ್ನು ಅದರೊಳಕ್ಕೆ ಎರಚುತ್ತಾರೆ. ಉಪ್ಪು ಆವಿಯಾಗಿ, ಅದರ ಸೋಡಿಯಂ ಜೇಡಿಯಲ್ಲಿನ ಸಿಲಿಕಾದೊಡನೆ ಬೆರೆತು, ಪಾತ್ರೆಯ ಮೈಯೇ ಗಾಜಾಗುತ್ತದೆ. ಲೇಪನವು ಹೊರಗಿನಿಂದ ಬಳಿದುದಲ್ಲವಾದ್ದರಿಂದಲೇ ಅದಕ್ಕೆ ಅಷ್ಟು ಗಾಂಭೀರ್ಯ. ಕೋಬಾಲ್ಟಿನ ನೀಲಿ ಆ ಉರಿಯನ್ನು ತಾಳಬಲ್ಲ ಕೆಲವೇ ಬಣ್ಣಗಳಲ್ಲಿ ಒಂದು.

ಗುಜರಿಯವನು ಇಂತಹ ಪಾತ್ರೆಗೆ ಇನ್ನೂರು ವರ್ಷವೆನ್ನಬಹುದು. ಕೊಳ್ಳುವವನು ಚಿತ್ರಕ್ಕೆ ಮರುಳಾಗದೆ ಮೊದಲು ತಳವನ್ನು ಮಗುಚಿ ನೋಡಬೇಕು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನನು ಆರಂಭಿಸಿದ ಬಾಸೆಲ್ ಮಿಷನ್ ಕಾರ್ಖಾನೆಯ ಹೆಂಚುಗಳ ಮೇಲಣ ಅಚ್ಚಕ್ಷರಗಳನ್ನು ಓದಿಬಲ್ಲ ನಮ್ಮ ಕರಾವಳಿಯವರಿಗೆ ಈ ಅಭ್ಯಾಸ ಹೊಸದಲ್ಲ. ನಾನು ಕಂಡ ಪಾತ್ರೆಯ ತಳದಲ್ಲಿ ‘ವೆಸ್ಟ್ ಜರ್ಮನಿ’ ಎಂದಿತ್ತು. ಹಾಗಿದ್ದಲ್ಲಿ ಅದು 1949ಕ್ಕಿಂತ ಹಿಂದಿನದಾಗಿರಲಾರದು, 1990ರ ಈಚಿನದೂ ಆಗಿರಲಿಕ್ಕಿಲ್ಲ. ಇನ್ನು ಲೀಟರಿನ ಗುರುತು: ಜರ್ಮನ್ ಸಾಮ್ರಾಜ್ಯ ಮೆಟ್ರಿಕ್ ಮಾನವನ್ನು 1872ರಲ್ಲಿ ಜಾರಿಗೆ ತಂದಿತು, ಮದ್ಯದಂಗಡಿಯ ಪಾತ್ರೆಗಳಲ್ಲಿ ಅಳತೆಯ ಗೆರೆ ಇರಬೇಕೆಂಬ ಕಾನೂನು 1880ರ ದಶಕದ್ದು. ಆದುದರಿಂದ ಕಂಠದ ಬಳಿ ಅರ್ಧ ಲೀಟರಿನ ಗೆರೆಯುಳ್ಳ ಸ್ಟೈನನ್ನು ನೆಪೋಲಿಯನ್ನನ ಕಾಲದ್ದೆಂದು ಯಾರೇ ಹೇಳಿದರೂ ನಂಬತಕ್ಕದ್ದಲ್ಲ.

ಸಂಗ್ರಾಹಕರು ಹೆಚ್ಚು ಹಂಬಲಿಸುವುದು ಮೆಟ್ಲಾಖ್ ಎಂಬ ಊರಿನ ಸ್ಟೈನುಗಳನ್ನು. ಸಾರ್ ನದಿಯ ದಡದ ಬೆನೆಡಿಕ್ಟೈನ್ ಸನ್ಯಾಸಿಗಳ ಹಳೆಯ ಮಠವನ್ನು 1809ರಲ್ಲಿ ಕೊಂಡ ಬಾಖ್ ಮನೆತನವು 1836ರಲ್ಲಿ ವಿಲರಾಯ್ ಮನೆತನದೊಡನೆ ಕೂಡಿ ನಡೆಸಿದ ಕಾರ್ಖಾನೆ ಅದು. ಅವುಗಳ ತಳದಲ್ಲಿ ಮಾದರಿಯ ಸಂಖ್ಯೆಯಲ್ಲದೆ, ತಯಾರಾದ ವರ್ಷದ ಕೊನೆಯ ಎರಡು ಅಂಕಿಗಳೂ ಅನೇಕವೇಳೆ ಒತ್ತಿರುತ್ತವೆ. ರೇಖೆಗಳನ್ನು ಕೊರೆದು ಬಣ್ಣ ತುಂಬಿದ ಬಗೆಯದಾದರೆ, ಉಗುರನ್ನು ಮೆಲ್ಲನೆ ಎಳೆದಾಗ ಆ ಗೆರೆ ತಡೆಯುತ್ತದೆ.

ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಸೇವೆ ಮುಗಿಸಿ ಊರಿಗೆ ಮರಳುತ್ತಿದ್ದ ಸೈನಿಕರು ತಮ್ಮ ಹೆಸರನ್ನೂ ದಳದ ಹೆಸರನ್ನೂ ಬರೆಯಿಸಿಕೊಂಡು ಒಯ್ಯುತ್ತಿದ್ದ ಪಿಂಗಾಣಿ ಸ್ಟೈನುಗಳದು ಬೇರೆಯೇ ಲೋಕ. ಅವುಗಳಲ್ಲಿ ಹಲವಕ್ಕೆ ತೆಳುವಾದ ತಳ. ಬೆಳಕಿಗೆ ಹಿಡಿದರೆ ಅದರೊಳಗೆ ಬೀಳ್ಕೊಡುಗೆಯ ದೃಶ್ಯವೊಂದು ನೆರಳು ಬೆಳಕಿನಲ್ಲಿ ಮೂಡುತ್ತದೆ. ನಕಲುಗಳು ಯಥೇಚ್ಛವಾಗಿರುವುದೂ ಇಲ್ಲಿಯೇ. ತಳದಲ್ಲಿ ವಿವಸ್ತ್ರ ಸ್ತ್ರೀಯ ಚಿತ್ರ ಕಂಡರೆ ಅದು ಬಹುಮಟ್ಟಿಗೆ ಈಚಿನ ಕೃತಿಯೆಂದು ತಿಳಿಯಬೇಕು.

ಮುಚ್ಚಳವು ಸಾಮಾನ್ಯವಾಗಿ ತವರದ ಮಿಶ್ರಲೋಹದ್ದು. ಅದನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಹೊಳೆಯಿಸುವುದು ಅಪಚಾರವೇ ಸರಿ: ದಶಕಗಳ ಕಾಲ ಕೂಡಿದ ಮಬ್ಬುಬಣ್ಣವೇ ಅದರ ಸೊಗಸು, ಅದೇ ಅದರ ಸಾಕ್ಷ್ಯವೂ ಹೌದು. ಹಳೆಯ ಮಿಶ್ರಲೋಹದಲ್ಲಿ ಸೀಸವೂ ಬೆರೆತಿರಬಹುದಾದ್ದರಿಂದ ಅಂತಹ ಪಾತ್ರೆಯಲ್ಲಿ ಮಜ್ಜಿಗೆಯನ್ನು ಸಹ ಕುಡಿಯಬಾರದು.

ನಾನು ಕಂಡ ಸ್ಟೈನ್ ಪ್ರಾಚೀನವಲ್ಲ, ದುಬಾರಿಯೂ ಅಲ್ಲ. ಆದರೂ ಅದರ ಉಪ್ಪಿನ ಮೆರುಗು ನಿಜವಾದದ್ದು, ಕೈಗೆ ಸಿಗುವ ಭಾರ ನಿಜವಾದದ್ದು; ಅದಕ್ಕೆ ಇಲ್ಲದ ವಯಸ್ಸನ್ನು ಕಟ್ಟುವ ಅವಶ್ಯಕತೆ ನನಗೆ ಕಾಣಲಿಲ್ಲ. ಯಾರು, ಯಾವ ಕಾರ್ಖಾನೆಯ ಕೆಲಸದ ಮೇಲೆ, ಯಾವ ವರ್ಷದಲ್ಲಿ ಅದನ್ನು ತಂದರೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಪಾತ್ರೆಯೊಳಗಿಡುವಂತೆ ಮನೆಯವರನ್ನು ಕೇಳಿಕೊಂಡೆನು, ಏಕೆಂದರೆ ಅಷ್ಟನ್ನು ಮಾತ್ರ ಯಾವ ತಳದ ಮುದ್ರೆಯೂ ಹೇಳಲಾರದು.