ಬಲ್ಬಿನೊಳಗೆ ನೀರು, ಗೋಡೆ ಮೇಲೆ ಸಿನಿಮಾ!

ಫಿಲ್ಮಿನ ತುಂಡು ನೆನಪಿದೆಯೇ? ಟಾಕೀಸಿನ ಆಪರೇಟರು ಕತ್ತರಿಸಿ ಬಿಸಾಡುತ್ತಿದ್ದ ರೀಲಿನ ಚೂರು! ಅದಕ್ಕಾಗಿ ಹುಡುಗರ ಗೋಲಿ, ಬಳಪ ಎಲ್ಲಾ ಕೈ ಬದಲಾಗುತ್ತಿದ್ದವು. ಒಂದು ಅಡಿಗೆ 16 ಚಿತ್ರ, ಪರದೆ ಮೇಲೆ ಸೆಕೆಂಡಿಗೆ 24. ಅಂದರೆ ಅಣ್ಣಾವ್ರು ಒಂದು ಸೆಕೆಂಡು ಮುಗುಳ್ನಕ್ಕರೆ ಒಂದೂವರೆ ಅಡಿ ಫಿಲ್ಮು ಖರ್ಚು! ಈಗ ಬರೋದೆಲ್ಲ ಡಿಜಿಟಲ್. ತುಂಡೂ ಇಲ್ಲ, ತುಂಡಿಗಾಗಿ ಜಗಳವೂ ಇಲ್ಲ.

ಈ ಬೇಸಿಗೆ ರಜದಲ್ಲಿ ಆ ತುಂಡು ನನಗೆ ತುರ್ತಾಗಿ ಬೇಕಾಯಿತು. ಶೃಂಗೇರಿ ಹತ್ತಿರದ ಮೆಣಸೆಯಲ್ಲಿ ಅಕ್ಕನ ಮನೆ. ಭಾವನ ದುಡಿಮೆ ಬೆಂಗಳೂರಲ್ಲಿ. ಅಕ್ಕ ಬೆಳಗ್ಗೆ ತೋಟದ ಕೆಲಸಕ್ಕೆ ಹೊರಟರೆ ಬರೋದು ಸಂಜೆಗೆ. ಮನೆಯಲ್ಲಿ ಎರಡು ಮಕ್ಕಳು, ಒಂದೇ ಮೊಬೈಲು! ಹೊರಗೆ ಬಿಡೋಣವೆಂದರೆ ತುಂಗಾ ಹೊಳೆಯ ಭಯ. ನೀರು ಇಳಿದಂತೆ ಕಂಡರೂ ಗುಂಡಿಗಳನ್ನು ನಂಬುವಂತಿಲ್ಲ.

"ನೀನು ಬರೆಯೋದು ಮನೇಲಿ ಕೂತ್ಕೊಂಡೇ ಅಲ್ವೇನೋ? ಇವರನ್ನ ನೋಡ್ಕೊ ಮಾರಾಯ" ಅಂದಳು ಅಕ್ಕ. ಫ್ರೀಲಾನ್ಸ್ ಪತ್ರಕರ್ತನ ಮರ್ಯಾದೆ ಇಷ್ಟೇ ನೋಡಿ!

ಮೊದಲು 'ಮಾಲ್ಗುಡಿ ಡೇಸ್' ತೋರಿಸಿದೆ. 1980ರ ದಶಕದಲ್ಲಿ ಶಂಕರ್‌ನಾಗ್ ಅದನ್ನು ತೆಗೆದದ್ದು ಇಲ್ಲೇ ಆಗುಂಬೆಯಲ್ಲಿ. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ ಓಡಾಡುವುದನ್ನು ಹತ್ತು ನಿಮಿಷ ನೋಡಿದರು. ಆಮೇಲೆ ಬೆರಳು ಬೇರೆ ವಿಡಿಯೋಗೆ ಜಾರಿತು.

ಆಗ ಹಳೇ ಕಸುಬು ತೆಗೆದೆ. ಪಿಯುಸಿ ಅರ್ಧಕ್ಕೆ ಬಿಟ್ಟವನಾದರೂ ಈ ಫಿಸಿಕ್ಸ್ ನನಗೆ ಬಾಯಿಪಾಠ! ಹೋದ ಹಳೇ ಗಾಜಿನ ಬಲ್ಬಿನ ಒಳಗಿನದನ್ನು ತೆಗೆದು ನೀರು ತುಂಬಿದರೆ ಅದೇ ಲೆನ್ಸು. ಕೋಣೆ ಕತ್ತಲು ಮಾಡಿ, ಅಂಗಳದಲ್ಲಿ ಕನ್ನಡಿ ಹಿಡಿದು, ಬಾಗಿಲ ತೂತಿನಿಂದ ಬಿಸಿಲು ಬಿಡಬೇಕು. ಬಲ್ಬಿಗೆ ಎರಡು ಬೆರಳು ಮುಂಚೆ ಫಿಲ್ಮು, ಅದೂ ತಲೆಕೆಳಗಾಗಿ. ಎದುರು ಗೋಡೆಗೆ ಬಿಳಿ ಪಂಚೆ. ಸ್ವಲ್ಪ ಹಿಂದೆ ಮುಂದೆ ಮಾಡಿದರೆ ಚಿತ್ರ ನೆಟ್ಟಗೆ ಕೂರುತ್ತದೆ. ಬಲ್ಬು ಬಿಚ್ಚುವುದು ದೊಡ್ಡವರ ಕೆಲಸ, ಗಾಜು ಚುಚ್ಚುತ್ತದೆ. ಸಿಎಫ್‌ಎಲ್ ಮಾತ್ರ ಮುಟ್ಟಲೇಬೇಡಿ, ಅದರಲ್ಲಿ ಪಾದರಸವಿದೆ. ಬಲ್ಬಿನಲ್ಲಿ ಸೂರ್ಯನನ್ನು ಇಣುಕುವುದೂ ಬೇಡ.

ಫಿಲ್ಮಿಗೇನು ಮಾಡೋದು? ಶರ್ಟಿನ ಪ್ಯಾಕೆಟ್ಟಿನ ಪಾರದರ್ಶಕ ಪ್ಲಾಸ್ಟಿಕ್ಕನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಮಾರ್ಕರ್ ಪೆನ್ನು ಕೊಟ್ಟೆ. ನೀವೇ ಬರೀರಿ, ನೀವೇ ಡೈಲಾಗ್ ಹೊಡೀರಿ!

ಮೂರು ದಿನ ಮೊಬೈಲ್ ಕೇಳಲಿಲ್ಲ ಸ್ವಾಮಿ! ಜಗಳ ಮಾತ್ರ ಹೊಸದು. ಸೂರ್ಯ ಸರಿದಂತೆ ಕನ್ನಡಿ ತಿರುಗಿಸಲು ಒಬ್ಬರು ಬಿಸಿಲಲ್ಲೇ ನಿಲ್ಲಬೇಕು, ಅವರಿಗೆ ಸಿನಿಮಾ ಕಾಣೋದಿಲ್ಲ. ಕೊನೆಗೆ ಸರದಿ ಹಾಕಿದೆ. ದೊಡ್ಡವನದು ಫೈಟಿಂಗ್ ಪಿಕ್ಚರ್. ಆರು ಪಟ್ಟಿಯಲ್ಲಿ ಹನ್ನೆರಡು ಹೆಣ!

ಚಿಕ್ಕವಳದು ಬರೀ ಬಸ್ಸು. ಒಂದೊಂದು ಚಿತ್ರಕ್ಕೂ ಬಸ್ಸು ಸ್ವಲ್ಪ ದೊಡ್ಡದಾಗುತ್ತಿತ್ತು. "ಬೆಂಗಳೂರಿಂದ ಬರ್ತಿದೆ, ಮಾಮಾ. ಅಪ್ಪ ಕಿಟಕಿ ಹತ್ರ ಕೂತಿದಾರೆ" ಅಂದಳು. ಮಲೆನಾಡಿನ ಮಧ್ಯಾಹ್ನ ಗೊತ್ತಲ್ಲ? ಬಸ್ಸು ಮೆಣಸೆ ತಲುಪುವ ಮೊದಲೇ ಮೋಡ ಕವಿದು ಪಂಚೆ ಕಪ್ಪಾಯಿತು.

"ಇಂಟರ್‌ವಲ್!" ಎಂದು ಕೂಗಿ, ಬಾಕಿ ಪಟ್ಟಿಯನ್ನು ಅಕ್ಕಿಡಬ್ಬದ ಹಿಂದೆ ಬಚ್ಚಿಟ್ಟಳು.